ಯುದ್ಧದ ನಡುವೆ ಬಂದ ಸ್ಕಾಲರ್‌ಶಿಪ್ಪು

(ಪುತ್ತಿಗೆಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಪಾಠದ ಪುಸ್ತಕದಲ್ಲಿ ಮಹಾಯುದ್ಧ ಅಂದರೆ ಹಿಟ್ಲರ್, ಚರ್ಚಿಲ್, ನಾಲ್ಕಾರು ಇಸವಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಯುದ್ಧ ನಮ್ಮ ಜನರ ಗಂಜಿ ಬಟ್ಟಲಿಗೆ ಏನು ಮಾಡಿತು ಅಂತ ನಾವೇ ಕೇಳಬೇಕು, ಬೇರೆ ಯಾರೂ ಕೇಳೋದಿಲ್ಲ.

1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಬಿತ್ತು. ನ್ಯೂಯಾರ್ಕ್ ಎಲ್ಲಿ, ಪುತ್ತಿಗೆ ಎಲ್ಲಿ! ಆದರೂ ಈ ಜಿಲ್ಲೆ ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ ಭತ್ತದ ದರ ಕುಸಿಯಿತು. ಭೂಮಿ ಇದ್ದವರು ಸಾಲ ಸಾಲ ಅಂತ ಅತ್ತರು. ಭೂಮಿಯೇ ಇಲ್ಲದವರ ಅಳುವನ್ನು ಯಾವ ದಫ್ತರದಲ್ಲಿ ಹುಡುಕೋಣ?

1942ರ ಮಾರ್ಚಿನಲ್ಲಿ ಜಪಾನ್ ರಂಗೂನನ್ನು ಹಿಡಿಯಿತು. ಬರ್ಮಾದ ಅಕ್ಕಿ ನಿಂತಿತು. ಮರುವರ್ಷ ಬಂಗಾಳದ ಬರದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಹೆಚ್ಚು ಪೆಟ್ಟು ತಿಂದವರು ಕೂಲಿಗಳು, ಮೀನುಗಾರರು. ಬಾಂಬಿಗಿಂತ ಹಸಿವೇ ಹೆಚ್ಚು ಕೊಂದಿತು.

ಇನ್ನು ಸೈನ್ಯದ ಕಥೆ. ಬಾಬಾಸಾಹೇಬರ ತಂದೆ ಸೈನ್ಯದಲ್ಲಿ ಸುಬೇದಾರರಾಗಿದ್ದವರು. 1890ರ ದಶಕದಲ್ಲಿ ಬ್ರಿಟಿಷರು 'ಇವರು ವೀರಜಾತಿಯಲ್ಲ' ಅಂತ ಮಹಾರರ ಭರ್ತಿಯನ್ನೇ ನಿಲ್ಲಿಸಿದರು. ಮೊದಲ ಯುದ್ಧದಲ್ಲಿ ಆಳು ಸಾಲದೆ 1917ರಲ್ಲಿ ಮಹಾರರ ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಬರಖಾಸ್ತು! ಮತ್ತೆ ಯುದ್ಧ ಬಂದಾಗ, 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಹುಟ್ಟಿತು. ಬೇಕಾದಾಗ ವೀರರು, ಬೇಡವಾದಾಗ ಅಸ್ಪೃಶ್ಯರು.

ಈ ಆಟ ಬಾಬಾಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. 1942ರ ಜುಲೈಯಲ್ಲಿ ಅವರು ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾದರು. ಕ್ವಿಟ್ ಇಂಡಿಯಾ ಹೊತ್ತಿನಲ್ಲಿ ಬ್ರಿಟಿಷರ ಜೊತೆ ಕೂತರು ಅಂತ ಇವತ್ತಿಗೂ ಬೈಯುವವರಿದ್ದಾರೆ. ಬೈಯಲಿ. ಆದರೆ ಕೂತು ಏನು ಮಾಡಿದರು ಅಂತಲೂ ಹೇಳಲಿ. ಅದೇ ಅಕ್ಟೋಬರಿನಲ್ಲಿ ಪರಿಶಿಷ್ಟರ ಕುಂದುಕೊರತೆಗಳ ಮನವಿಯನ್ನು ವೈಸರಾಯ್ ಮುಂದಿಟ್ಟರು. ಬನಾರಸ್, ಅಲಿಗಢ ವಿಶ್ವವಿದ್ಯಾಲಯಗಳಿಗೆ ಹಣ ಕೊಡುತ್ತೀರಿ, ನಮ್ಮ ಮಕ್ಕಳಿಗೆ ಯಾಕಿಲ್ಲ ಅನ್ನುವುದು ಅವರ ವಾದ. 3 ಲಕ್ಷ ರೂಪಾಯಿ ಮಂಜೂರಾಯಿತು. 1944ರಲ್ಲಿ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಶುರುವಾಯಿತು. ಫ್ಯಾಕ್ಟರಿ ಕೂಲಿಗಳಿಗೆ ವಾರಕ್ಕೆ 48 ಗಂಟೆಯ ದುಡಿಮೆ ಅಂತ 1946ರಲ್ಲಿ ಕಾನೂನಾದದ್ದರ ಹಿಂದೆಯೂ ಅವರೇ ಇದ್ದರು.

ಯುದ್ಧ ಇದನ್ನು ಧರ್ಮಕ್ಕೆ ಕೊಡಲಿಲ್ಲ, ಗೆಳೆಯರೇ. ಸರ್ಕಾರಕ್ಕೆ ಜನರ ಅಗತ್ಯ ಬಿದ್ದಿತ್ತು. ಆ ಹೊತ್ತು ನೋಡಿ ನಮ್ಮವರೊಬ್ಬರು ಕೇಳಿದರು. 'ಸರ್ಕಾರಿ ಅನ್ನ ತಿಂತಾರೆ' ಅಂತ ಕ್ಲಾಸಿನಲ್ಲಿ ಯಾರಾದರೂ ಹಂಗಿಸಿದರೆ ತಲೆ ತಗ್ಗಿಸಬೇಡಿ, ಈ ಇಸವಿಗಳನ್ನು ಹೇಳಿ.

ಅರ್ಜಿ ತುಂಬದೆ ಉಳಿದವರು ಎದ್ದು ಹೋಗಬೇಡಿ. ಸಭೆ ಆದ ಮೇಲೆ ಇಲ್ಲೇ ಕೂತು ತುಂಬೋಣ.