ಮಾಂಗಾ ನಮ್ಮ ಕೈಗೂ ಎಟುಕಬೇಕು, ನಮ್ಮ ಮಾತಲ್ಲೂ ಸಿಗಬೇಕು

(ತಳಿ, ದೇನ್ಕನಿಕೋಟೆ, ಬಾಗಲೂರು ಕಡೆಯ ಹುಡುಗ ಹುಡುಗಿಯರು ಸೇರಿದ್ದ ಕೂಟದಲ್ಲಿ ಆಡಿದ ಮಾತು. ಬರಲಾಗದವರು ಕೇಳಿದ್ದರಿಂದ ಬರೆದು ಹಾಕ್ತಿದ್ದೀವಿ.)



ಮಾಂಗಾ ಬಗ್ಗೆ ಮಾತು ಇದೆ ಅಂತ ಗುಂಪಿನಲ್ಲಿ ಹಾಕಿದ ಕೂಡಲೇ ಒಬ್ಬರು ಕೇಳಿದರು, "ತೋತಾಪುರಿನಾ, ಸೇಂದೂರನಾ?" ಅವರದ್ದೇನೂ ತಪ್ಪಿಲ್ಲ. ಕೃಷ್ಣಗಿರಿ ಜಿಲ್ಲೆಯಲ್ಲಿ ಮಾಂಗಾ ಅಂದ್ರೆ ತಮಿಳಲ್ಲಿ ಮಾವಿನಕಾಯಿ. ಕನ್ನಡದಲ್ಲಿ ಸ್ವಲ್ಪ ಎಳೆದು ಹೇಳದೇ ಹೋದ್ರೆ ಮಂಗ. ನಾವು ಹೇಳ್ತಿರೋದು ಜಪಾನಿನ ಚಿತ್ರಕಥೆ. ನರುಟೊ, ಒನ್ ಪೀಸ್, ಡೀಮನ್ ಸ್ಲೇಯರ್. ಇಲ್ಲಿ ಕೂತಿರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಫೋನ್ ವಾಲ್‌ಪೇಪರ್ ಅದೇ ಇದೆ, ನೋಡಿಕೊಂಡೇ ಮಾತಾಡ್ತಿದ್ದೀವಿ.

ಕನ್ನಡ ಸಂಘಟನೆಯವರಿಗೆ ಜಪಾನಿನ ಬೊಂಬೆ ಪುಸ್ತಕ ಯಾಕೆ ಅಂತ ಹಿರಿಯರೊಬ್ಬರು ಕೇಳಿದರು. ಕಾರಣ ಇದೆ. ನಮ್ಮ ಕಡೆಯ ಕನ್ನಡ ಶಾಲೆಯ ಮಗುವಿಗೆ ತಮಿಳುನಾಡು ಸರ್ಕಾರ ಕನ್ನಡದ ಪಠ್ಯಪುಸ್ತಕ ಅಚ್ಚು ಹಾಕಿ ಕೊಡುತ್ತೆ. ಸರಿ. ಆದ್ರೆ ಪಠ್ಯಪುಸ್ತಕ ಮುಚ್ಚಿದ ಮೇಲೆ ಆ ಮಗು ಇಷ್ಟಪಟ್ಟು ಓದೋಕೆ ಕನ್ನಡದಲ್ಲಿ ಏನಿದೆ? ಬಸ್ ಬೋರ್ಡ್ ತಮಿಳು, ಅಂಗಡಿ ಬೋರ್ಡ್ ತಮಿಳು ಇಂಗ್ಲಿಷು, ಪೇಪರ್ ತಮಿಳು. ಮನೆಯಲ್ಲಿ ಕನ್ನಡ ಆಡ್ತಾರೆ, ಓದಲ್ಲ. ಹತ್ತನೇ ಕ್ಲಾಸ್ ಮುಗಿಸಿದ ಎರಡು ವರ್ಷಕ್ಕೆ ಒತ್ತಕ್ಷರ ಬಂದಲ್ಲಿ ತಡವರಿಸ್ತಾರೆ. ಅದೇ ಹುಡುಗ ರಾತ್ರಿ ಹನ್ನೊಂದರವರೆಗೂ ಫೋನಿನಲ್ಲಿ ಇಂಗ್ಲಿಷ್ ಮಾಂಗಾ ಓದ್ತಾನೆ. ಅಂದ್ರೆ ಓದೋ ಹಸಿವು ಇದೆ. ಎಲೆ ಹಾಕಿ ಬಡಿಸಿರೋದು ಮಾತ್ರ ಬೇರೆ ಭಾಷೆಯವರು.

ಈಗ ದುಡ್ಡಿನ ಲೆಕ್ಕ. ಬೆಂಗಳೂರಿನ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಮಾಂಗಾದ ಒಂದು ಸಂಪುಟಕ್ಕೆ ಸುಮಾರು ನಾನೂರು ಐನೂರು ರೂಪಾಯಿ. ಒನ್ ಪೀಸ್ 1997ರಲ್ಲಿ ಶುರುವಾಗಿದ್ದು, ಜಪಾನಿನಲ್ಲಿ 110 ಸಂಪುಟ ದಾಟಿದೆ. ನಾನೂರರಂತೆ ನೂರು ಸಂಪುಟ ಕೊಂಡ್ರೂ 40,000 ರೂಪಾಯಿ. ಸಿಪ್ಕಾಟ್‌ನಲ್ಲಿ ಗುತ್ತಿಗೆ ಕೆಲಸ ಮಾಡೋ ನಿಮ್ಮ ಅಣ್ಣನಿಗೆ ಅದು ಎಷ್ಟು ತಿಂಗಳ ಸಂಬಳ ಅಂತ ನೀವೇ ಹೇಳಿ. ಅದಕ್ಕೇ ಎಲ್ಲರೂ ಕದ್ದು ಹಾಕಿರೋ ಸೈಟುಗಳಿಗೆ ಹೋಗೋದು. ಬೈದು ಪ್ರಯೋಜನ ಇಲ್ಲ. ಜಪಾನಿನಲ್ಲೇ ಮಾಂಗಾಮುರಾ ಅನ್ನೋ ಕಳ್ಳ ಸೈಟು 2018ರಲ್ಲಿ ಮುಚ್ಚೋವರೆಗೂ ಪ್ರಕಾಶಕರ ನಿದ್ದೆ ಕೆಡಿಸಿತ್ತು. 2019ರಲ್ಲಿ ಶುಯೇಶಾ ಪ್ರಕಾಶನ ಮಾಂಗಾ ಪ್ಲಸ್ ಅನ್ನೋ ಆಪ್ ಬಿಟ್ಟಿತು. ಮೊದಲ ಕೆಲವು ಅಧ್ಯಾಯ, ಇತ್ತೀಚಿನ ಕೆಲವು ಅಧ್ಯಾಯ ಪುಕ್ಕಟೆ, ಜಪಾನಿನಲ್ಲಿ ಬಂದ ದಿನವೇ. ಕಾಸಿಲ್ಲದವರು ಕದಿಯದೆ ಓದೋ ದಾರಿ ಅದು. ಕಳ್ಳ ಸೈಟಿನಲ್ಲಿ ಓದಿದ್ರೆ ಬರೆದವನಿಗೆ ಒಂದು ಪೈಸೆ ಹೋಗಲ್ಲ ಅನ್ನೋದು ನೆನಪಿರಲಿ. ನಾಳೆ ಬರೆಯೋರು ನೀವೇ ಆಗಿರಬಹುದು.

ಆದ್ರೆ ಆ ಆಪ್‌ನ ಭಾಷೆಗಳ ಪಟ್ಟಿ ತೆಗೆದು ನೋಡಿ. ಇಂಗ್ಲಿಷ್, ಸ್ಪ್ಯಾನಿಷ್, ಪೋರ್ಚುಗೀಸ್, ಥಾಯ್, ಇಂಡೋನೇಷ್ಯದ ಭಾಷೆ, ವಿಯೆಟ್ನಾಮಿನ ಭಾಷೆ. ನಮ್ಮ ದೇಶದ ಒಂದು ಭಾಷೆಯೂ ಇಲ್ಲ. ಸಿನಿಮಾಕ್ಕೆ ಬಂದ್ರೆ ಇನ್ನೂ ಬೇಜಾರು. 2025ರ ಸೆಪ್ಟೆಂಬರಿನಲ್ಲಿ ಡೀಮನ್ ಸ್ಲೇಯರ್ ಇನ್ಫಿನಿಟಿ ಕ್ಯಾಸಲ್ ಇಲ್ಲಿ ಬಿಡುಗಡೆಯಾಯ್ತಲ್ಲ, ಜಪಾನೀಸ್, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇಲ್ಲ. ಹೊಸೂರಿನ ಮೂರು ಭಾಷೆಯಲ್ಲಿ ಎರಡಕ್ಕೆ ಸಿಕ್ಕಿತು, ಒಂದಕ್ಕೆ ಇಲ್ಲ. ಇದಕ್ಕೆ ಟೋಕಿಯೋದವರನ್ನ ಮಾತ್ರ ಬೈಯೋಕಾಗಲ್ಲ. ಡಬ್ಬಿಂಗ್ ಬಂದ್ರೆ ಕನ್ನಡ ಸತ್ತುಹೋಗುತ್ತೆ ಅಂತ ದಶಕಗಟ್ಟಲೆ ತಡೆದವರು ನಮ್ಮವರೇ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂತ ಆದೇಶ ಮಾಡಿತು. ಅಷ್ಟರಲ್ಲಿ ಗಡಿಯ ಒಂದು ತಲೆಮಾರು ಕಾರ್ಟೂನ್ ಅಂದ್ರೆ ತಮಿಳು ಅಂತಲೇ ಬೆಳೆದಾಗಿತ್ತು. ತಮಿಳನ್ನ ದೂರೋ ಮಾತಲ್ಲ ಇದು. ಅವರು ತಮ್ಮ ಮಕ್ಕಳಿಗೆ ಮಾಡಿಕೊಂಡ್ರು, ನಾವು ನಮ್ಮ ಮಕ್ಕಳಿಗೆ ಮಾಡಲಿಲ್ಲ, ಅಷ್ಟೇ.

ತಮಿಳರಿಂದ ಕಲಿಯೋದೂ ಇದೆ. ಶಿವಕಾಶಿಯಲ್ಲಿ 1972ರಲ್ಲಿ ಮುತ್ತು ಕಾಮಿಕ್ಸ್ ಶುರುವಾಯ್ತು, 1984ರಲ್ಲಿ ಲಯನ್ ಕಾಮಿಕ್ಸ್. ಇಂಗ್ಲೆಂಡಿನ, ಇಟಲಿಯ, ಫ್ರೆಂಚಿನ ಚಿತ್ರಕಥೆಗಳನ್ನ ಹಕ್ಕು ತಗೊಂಡು ತಮಿಳಿಗೆ ತಂದರು. ಪಟಾಕಿ ಡಬ್ಬಿಗೆ ಲೇಬಲ್ ಹೊಡೆಯೋ ಊರು, ಅಚ್ಚಿನ ಕೆಲಸ ಗೊತ್ತಿರೋ ಜನ. ಓದುಗರು ಮುಂಚಿತವಾಗಿ ಚಂದಾ ಕಟ್ತಾರೆ, ಆ ದುಡ್ಡಲ್ಲಿ ಪುಸ್ತಕ ಅಚ್ಚಾಗುತ್ತೆ. ಇವತ್ತಿಗೂ ನಡೀತಿದೆ. ಲಕ್ಷಾಂತರ ಓದುಗರು ಬೇಕಾಗಿಲ್ಲ, ಬಿಡದೇ ಓದೋ ಸಾವಿರಾರು ಜನ ಸಾಕು ಅಂತ ಅವರು ತೋರಿಸಿಕೊಟ್ಟಿದ್ದಾರೆ.

ಕನ್ನಡಕ್ಕೆ ಚಿತ್ರಕಥೆ ಹೊಸದು ಅಂದ್ಕೋಬೇಡಿ. ಅಮರ ಚಿತ್ರಕಥೆ ಮೊದಲು ಬಂದಿದ್ದೇ ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಪರದೇಶದ ಕಥೆಗಳನ್ನ ಕನ್ನಡಕ್ಕೆ ಮಾಡಿಸಿ ಹತ್ತು ಪುಸ್ತಕ ತಂದರು. ಅದಕ್ಕೇ ಇಂಗ್ಲಿಷಿನಲ್ಲಿ ಅನಂತ ಪೈ ಅವರ ಕೃಷ್ಣ ಹನ್ನೊಂದನೇ ನಂಬರಿನಿಂದ ಶುರುವಾಗೋದು. ಅದಕ್ಕೂ ಮುಂಚೆ ಚಂದಮಾಮ. 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ 1949ಕ್ಕೆ ಕನ್ನಡಕ್ಕೂ ಬಂತು, ಅಚ್ಚಾಗ್ತಿದ್ದದ್ದು ಮದರಾಸಿನಲ್ಲಿ. ಇಡೀ ಕರ್ನಾಟಕದ ಮಕ್ಕಳು ತಮಿಳುನಾಡಿನಿಂದ ಬಂದ ಕನ್ನಡ ಪುಸ್ತಕ ಓದಿ ಬೆಳೆದರು! ಅದರ ಮಹಾಭಾರತದ ಮುಖಪುಟಗಳನ್ನ ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು. ಮುಂದೆ ಬೆಂಗಳೂರಿಗೆ ಬಂದು ಅಂಚೆ ಮೂಲಕ ಚಿತ್ರಕಲೆ ಕಲಿಸಿದರು. ಹಳ್ಳಿಯಲ್ಲಿ ಕೂತ ಹುಡುಗನಿಗೂ ಗುರು ಸಿಗಲಿ ಅಂತ. ಆಮೇಲೆ ಬಾಲಮಂಗಳದ ಡಿಂಗ. ನಿಮ್ಮ ಅಪ್ಪ ಅಮ್ಮನನ್ನ ಕೇಳಿ, ಡಿಂಗ ಅಂದ್ರೆ ಮುಖ ಅರಳುತ್ತೆ. ಅವನು ಮಲಯಾಳದಿಂದ ಬಂದವನು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಕನ್ನಡ ಅಷ್ಟು ಸಲೀಸಾಗಿ ಕೂತಿತ್ತು. ಡಿಂಗ ಬರೋದಾದ್ರೆ ಲೂಫಿ ಯಾಕೆ ಬರಬಾರದು?

ಇನ್ನು ಬಲದಿಂದ ಎಡಕ್ಕೆ ಓದೋದು ನಮ್ಮವರಿಗೆ ಒಗ್ಗಲ್ಲ ಅನ್ನೋರಿಗೆ ಒಂದು ಮಾತು. ಕೃಷ್ಣಗಿರಿಯ ಸರ್ಕಾರಿ ಮ್ಯೂಸಿಯಮ್ಮಿಗೆ ಹೋಗಿ, ಇಲ್ಲಾ ನಮ್ಮ ಹೊಲಗಳ ಅಂಚಲ್ಲೇ ನಿಂತಿರೋ ವೀರಗಲ್ಲು ನೋಡಿ. ಮೂರು ಪಟ್ಟಿ ಇರೋ ಕಲ್ಲಿನಲ್ಲಿ ಕೆಳಗಡೆ ವೀರ ಕಾದಾಡ್ತಿರ್ತಾನೆ, ನಡುವೆ ಅಪ್ಸರೆಯರು ಹೊತ್ತೊಯ್ತಿರ್ತಾರೆ, ಮೇಲೆ ಶಿವನ ಮುಂದೆ ಕೂತಿರ್ತಾನೆ. ಕೆಳಗಿಂದ ಮೇಲಕ್ಕೆ ಓದೋ ಚಿತ್ರಕಥೆ ಅದು. ಅಕ್ಷರ ಬರದ ಅಜ್ಜಿಯೂ ಓದ್ತಾಳೆ.

ಅನುವಾದದ ವಿಷಯಕ್ಕೆ ಬರೋಣ, ಇದೇ ನಮಗೆ ಹೆಚ್ಚು ಖುಷಿ ಕೊಡೋ ಭಾಗ. ಜಪಾನೀಸನ್ನ ಮೇಲಿಂದ ಕೆಳಕ್ಕೆ ಬರೀತಾರೆ, ಹಾಗಾಗಿ ಅವರ ಮಾತಿನ ಗುಳ್ಳೆ ಉದ್ದಕ್ಕೆ, ಸಣಕಲಾಗಿ ಇರುತ್ತೆ. ಅದರೊಳಗೆ "ಹೋಗಬೇಕಾಗಿತ್ತಲ್ಲವೇ" ಅಂತ ಗ್ರಂಥದ ಕನ್ನಡ ತುರುಕಿದ್ರೆ ಗುಳ್ಳೆ ಒಡೆದುಹೋಗುತ್ತೆ. "ಹೋಗ್ಬೇಕಿತ್ತಲ್ವಾ" ಅಂದ್ರೆ ಕೂರುತ್ತೆ. ಅಂದ್ರೆ ನಾವು ಮನೆಯಲ್ಲಿ ಆಡೋ ಕನ್ನಡ, ಶಾಲೆಯಲ್ಲಿ ತಪ್ಪು ಅನ್ನಿಸಿಕೊಂಡ ಕನ್ನಡ, ಇಲ್ಲಿ ಸರಿಯಾದ ಕನ್ನಡ. ಇನ್ನೊಂದು, ಸದ್ದಿನ ಪದಗಳು. ಇಂಗ್ಲಿಷಿಗೆ ತಂದಾಗ ಬೂಮ್, ಬ್ಯಾಂಗ್ ಅಂತ ಮುಗಿಸಿಬಿಡ್ತಾರೆ. ನಮ್ಮಲ್ಲಿ ದಡಾರ್, ಧೊಪ್, ಚಟಚಟ, ಗಡಗಡ, ಮಿಣಮಿಣ. ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿದ್ವಲ್ಲ, ಅದು ಉಪಯೋಗಕ್ಕೆ ಬರೋ ಜಾಗ ಸಿಕ್ಕಿತು. ಜಪಾನಿನವರು ಸದ್ದೇ ಇಲ್ಲದ ನಿಶ್ಶಬ್ದಕ್ಕೂ "ಶೀನ್" ಅಂತ ಒಂದು ಪದ ಬರೀತಾರೆ. ಇಂಗ್ಲಿಷಿನವರು ಅಲ್ಲಿ ತಡಕಾಡ್ತಾರೆ. ನಮಗೇನು ಕಷ್ಟ? ಖಾಲಿ ಬೀದಿಯ ಚಿತ್ರದ ಮೇಲೆ "ಬಿಕೋ" ಅಂತ ಬರೆದ್ರೆ ಆಯ್ತು.

ಹಕ್ಕು ಕೇಳದೆ ಅನುವಾದ ಮಾಡಿ ಮಾರೋ ಹಾಗಿಲ್ಲ. ಆದ್ರೆ ಬಾಗಿಲು ತೆರೆದಿಟ್ಟಿರೋರೂ ಇದ್ದಾರೆ. ಶುಹೋ ಸಾತೋ ಅನ್ನೋ ಮಾಂಗಾಕಾರ ಬರೆದ "ಬ್ಲ್ಯಾಕ್ ಜ್ಯಾಕ್ ನಿ ಯೊರೊಶಿಕು" 13 ಸಂಪುಟದ ಕಥೆ. ಆಗತಾನೆ ಡಾಕ್ಟರ್ ಆದ ಹುಡುಗ, ದೊಡ್ಡಾಸ್ಪತ್ರೆ, ನಿದ್ದೆಯಿಲ್ಲದ ಡ್ಯೂಟಿ, ರೋಗಿಗಳ ಪಾಡು. 2012ರಲ್ಲಿ ಸಾತೋ ಇದನ್ನ ಯಾರು ಬೇಕಾದರೂ ಬಳಸಿಕೊಳ್ಳಿ, ಮಾರೋದಕ್ಕೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟರು. ಅವರ ಷರತ್ತು ಓದಿಕೊಂಡು, ಹೆಸರು ಹಾಕಿ ಮಾಡಬೇಕು. ಇಲ್ಲಿಂದ ರೋಗಿಯನ್ನ ಕರ್ಕೊಂಡು ಬೆಂಗಳೂರಿನ ಆಸ್ಪತ್ರೆಗೆ ಅಲೆದಾಡಿದ ಮನೆ ನಮ್ಮಲ್ಲಿ ಯಾವುದಿಲ್ಲ? ಈ ಕಥೆ ನಮಗೆ ದೂರದ್ದಲ್ಲ. ಫ್ರಾನ್ಸಿನ ದಾವಿದ್ ರೆವ್ವಾ 2014ರಿಂದ ಬರೀತಿರೋ ಪೆಪ್ಪರ್ ಅಂಡ್ ಕ್ಯಾರಟ್ ಅನ್ನೋ ಚಿತ್ರಕಥೆಯೂ ಹಾಗೇ, ಹೆಸರು ಹಾಕಿ ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು. ಚಿಕ್ಕ ಮಕ್ಕಳಿಗಾದ್ರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, 2015ರಿಂದ. ಕನ್ನಡದ ಕಥೆಗಳು ಪುಕ್ಕಟೆ, ನಾವೂ ಅನುವಾದಿಸಿ ಹಾಕಬಹುದು.

ಅನುವಾದ ಮಾಡಿದ ಮಾತ್ರಕ್ಕೆ ಮಾರಾಟ ಆಗಲ್ಲ, ಅದೂ ಗೊತ್ತಿರಲಿ. ಯುಕಿಚಿ ಯಮಾಮತ್ಸು ಅನ್ನೋ ಮಾಂಗಾಕಾರ 2004ರಲ್ಲಿ ದಿಲ್ಲಿಗೆ ಬಂದು, ಮಾಂಗಾವನ್ನ ಹಿಂದಿಗೆ ಮಾಡಿಸಿ ಬೀದಿಯಲ್ಲಿ ಕೂತು ಮಾರೋಕೆ ಹೋದರು. ಹಿಂದಿ ಬರಲ್ಲ, ಇಂಗ್ಲಿಷೂ ಬರಲ್ಲ. ಆದ ಪಾಡನ್ನೇ ಆಮೇಲೆ ಮಾಂಗಾ ಮಾಡಿದರು. ಇಂಗ್ಲಿಷಿನಲ್ಲಿ ಅದನ್ನ ತಂದದ್ದು ಚೆನ್ನೈನ ಬ್ಲಾಫ್ಟ್ ಪ್ರಕಾಶನ. ನಗು ಬರುತ್ತೆ ಓದಿದ್ರೆ. ನಮ್ಮ ಗಳಗನಾಥರು ಕಾದಂಬರಿಗಳನ್ನ ಹೊತ್ಕೊಂಡು ಊರೂರು ತಿರುಗಿ ಮಾರಿದ್ದರಲ್ಲ, ಅದೇ ಹುಚ್ಚು. ವ್ಯತ್ಯಾಸ ಇಷ್ಟೇ, ಗಳಗನಾಥರಿಗೆ ಕೊಳ್ಳೋರ ಭಾಷೆ ಗೊತ್ತಿತ್ತು.

ಬರೆಯೋರ ಕಡೆಗೆ ಬರೋಣ. ಇಲ್ಲಿ ಚೆನ್ನಾಗಿ ಚಿತ್ರ ಬಿಡಿಸೋರು ಇದ್ದೀರಿ. ನಿಮ್ಮ ಪಾತ್ರಗಳು ಇಂಗ್ಲಿಷಿನಲ್ಲಿ ಮಾತಾಡ್ತವೆ, ಹೆಸರು ಹಿರೋಶಿ, ಸಕುರಾ. ಇರಲಿ, ಎಲ್ಲರೂ ಶುರು ಮಾಡೋದು ಹಾಗೇನೇ. ಆದ್ರೆ ಟ್ಯಾಬ್ಲೆಟ್ ಇಲ್ಲ, ಸಾಫ್ಟ್‌ವೇರ್ ಇಲ್ಲ ಅನ್ನೋ ಮಾತು ಬೇಡ. ಕಂಪ್ಯೂಟರಿಗೆ ಕ್ರಿಟಾ ಪುಕ್ಕಟೆ. ಫೋನಿಗೆ ಐಬಿಸ್ ಪೇಂಟ್, ಪುಕ್ಕಟೆಯದ್ದರಲ್ಲಿ ಜಾಹೀರಾತು ಬರುತ್ತೆ, ಸಹಿಸಿಕೊಳ್ಳಿ. ಅಕ್ಷರಕ್ಕೆ ಬಲೂ ತಮ್ಮ, ಅಕಾಯಾ ಕನಡಕ ಫಾಂಟುಗಳು, ಎರಡೂ ಪುಕ್ಕಟೆ. ಕೆಲವು ಆಪ್‌ನಲ್ಲಿ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ ಆಗುತ್ತೆ. ಆಗ ಕೈಯಲ್ಲೇ ಬರೆಯಿರಿ, ಅದೇ ಚೆನ್ನಾಗಿ ಕಾಣುತ್ತೆ.

ಅಚ್ಚಿಗೆ ಪ್ರಕಾಶಕರು ಬರೋವರೆಗೆ ಕಾಯೋದೂ ಬೇಡ. 16 ಪುಟದ ಪುಸ್ತಕಕ್ಕೆ ನಾಲ್ಕು ಎ4 ಹಾಳೆ ಸಾಕು, ಎರಡೂ ಬದಿ ಜೆರಾಕ್ಸ್, ಮಧ್ಯ ಮಡಚಿ ಪಿನ್ನು. ಬದಿಗೆ ಒಂದೂವರೆ ರೂಪಾಯಿ ಅಂದ್ರೂ ಎಂಟು ಬದಿಗೆ 12 ರೂಪಾಯಿ. 20ಕ್ಕೆ ಮಾರಿ. ಮಾರಿದವರಿಗೆ 2, ಪಿನ್ನು ಓಡಾಟಕ್ಕೆ 1, ಉಳಿದ 5 ಬರೆದವರಿಗೆ. ಬರೆದವರ ಪಾಲು ಮೊದಲೇ ಎತ್ತಿಡಬೇಕು, "ಕನ್ನಡ ಸೇವೆ" ಅಂತ ಹೇಳಿ ಅದನ್ನ ಉಳಿಸಿಕೊಳ್ಳೋ ಕೆಲಸ ನಾವು ಮಾಡಲ್ಲ. ತೋತಾಪುರಿ ಬೆಳೆದವನಿಗೆ ಏನು ಸಿಗುತ್ತೆ, ಡಬ್ಬಿಯಲ್ಲಿ ತುಂಬಿದ ರಸಕ್ಕೆ ಏನು ಬೆಲೆ ಅಂತ ನೋಡಿಯೇ ಬೆಳೆದವರು ನಾವು. 20 ಕೊಡೋಕೂ ಕಷ್ಟ ಅನ್ನೋರಿಗೆ ಬಾಡಿಗೆ ಇಡೋಣ, ಎರಡು ರೂಪಾಯಿಗೆ ಒಂದು ವಾರ. ಯುದ್ಧ ಮುಗಿದ ಮೇಲೆ ಜಪಾನಿನಲ್ಲೂ ಮಕ್ಕಳ ಹತ್ರ ಕಾಸಿರಲಿಲ್ಲ. ಬಾಡಿಗೆ ಪುಸ್ತಕದಂಗಡಿಗಳಿಂದಲೇ ಎಷ್ಟೋ ಮಾಂಗಾಕಾರರು ಬೆಳೆದರು. ಟೋಕಿಯೋದ ಕೋಮಿಕೆಟ್ ಇವತ್ತು ಲಕ್ಷಗಟ್ಟಲೆ ಜನ ಸೇರೋ ಸಂತೆ, ತಾವೇ ಬರೆದು ತಾವೇ ಅಚ್ಚು ಹಾಕಿದ್ದನ್ನ ತಂದು ಮಾರೋದು. 1975ರ ಡಿಸೆಂಬರಿನಲ್ಲಿ ಮೊದಲ ಸಲ ನಡೆದಾಗ ಇದ್ದದ್ದು 32 ಗುಂಪು, ಬಂದದ್ದು ಸುಮಾರು 700 ಜನ. ನಮ್ಮೂರ ಜಾತ್ರೆಗೆ ಅದಕ್ಕಿಂತ ಜಾಸ್ತಿ ಸೇರ್ತಾರೆ.

ಈಗ ಎಲ್ಲರ ಕೈಗೂ ಒಂದೊಂದು ಎ4 ಹಾಳೆ ಕೊಡ್ತಿದ್ದೀವಿ. ಎಂಟು ಭಾಗ ಬರೋ ಹಾಗೆ ಮಡಚಿ ಬಿಚ್ಚಿ, ನಡುವಿನ ಗೆರೆಯಲ್ಲಿ ಎರಡು ಭಾಗದಷ್ಟು ಮಾತ್ರ ಕತ್ತರಿಸಿ, ಮತ್ತೆ ಮಡಚಿ. ಎಂಟು ಪುಟದ ಪುಸ್ತಕ ಆಯ್ತು, ಪಿನ್ನೂ ಬೇಡ. ಕಥೆ ಇಲ್ಲಿಯದೇ ಇರಲಿ: ಆನೆ ರಾಗಿ ಹೊಲಕ್ಕೆ ನುಗ್ಗಿದ ರಾತ್ರಿ, ಅತ್ತಿಬೆಲೆ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಮೂರು ಭಾಷೆಯಲ್ಲಿ ಆದ ಜಗಳ, ಏನಾದರೂ. ಚಿತ್ರ ಬರದವರು ಮಾತು ಬರೆಯಿರಿ, ಕನ್ನಡ ಬರೆಯೋಕೆ ತಡವರಿಸೋರು ಪಕ್ಕದವರಿಗೆ ಹೇಳಿ ಬರೆಸಿ. ಆಯ್ದ ಐದನ್ನ ಜೆರಾಕ್ಸ್ ಹಾಕಿಸೋ ಖರ್ಚು ನಮ್ಮದು. ಕತ್ತರಿ ಮೂರೇ ಇದೆ, ಆ ಕಡೆ ಸಾಲಿನಿಂದ ಶುರು ಮಾಡಿ.