ಮಾವನವರ ಮಡಿಸುವ ಕುರ್ಚಿ

ಕುರ್ಚಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಅಧಿಕಾರದ ನೆನಪಾಗುತ್ತದೆ. ನಾನು ಈಗ ಹೇಳಹೊರಟಿರುವ ಕುರ್ಚಿಗೆ ಅಂಥ ದೊಡ್ಡಸ್ತಿಕೆ ಏನೂ ಇಲ್ಲ. ಮಡಿಸಿ ಕಂಕುಳಲ್ಲಿ ಇರುಕಿಕೊಂಡು ಹೋಗಬಹುದಾದ, ನೀರಿನ ದಡದಲ್ಲಿ ಬಿಡಿಸಿ ಹಾಕಿ ಗಾಳದ ಕೋಲು ಹಿಡಿದು ಕೂರಬಹುದಾದ ಮರದ ಕುರ್ಚಿ ಅದು. 2022ರ ಜುಲೈ ತಿಂಗಳ ಒಂದು ಬೆಳಗ್ಗೆ, ವಾಣಿವಿಲಾಸ ಸಾಗರದ ಹಿನ್ನೀರಿನ ದಡದಲ್ಲಿ, ಎಂಬತ್ತಾರು ವರ್ಷದ ನನ್ನ ಸೋದರಮಾವನವರನ್ನು ಹೊತ್ತುಕೊಂಡಿದ್ದಂತೆಯೇ ಅದು ಮುರಿದು ಬಿತ್ತು.

ಒಣಗಿದ ಕಬ್ಬಿನ ಜಲ್ಲೆ ಮುರಿದಂಥ ಸದ್ದು. ತಿರುಗಿ ನೋಡುವಷ್ಟರಲ್ಲಿ ಮಾವನವರು ಪಕ್ಕಕ್ಕೆ ಉರುಳಿ ಕೆಸರಿನಲ್ಲಿದ್ದರು. ಆದರೆ ಬಲಗೈಯಲ್ಲಿ ಗಾಳದ ಕೋಲು ಮಾತ್ರ ಧ್ವಜದಂತೆ ನೆಟ್ಟಗೆ ನಿಂತಿತ್ತು. ನಾನು ಓಡಿಹೋಗಿ ಎತ್ತಲು ಕೈ ಚಾಚಿದರೆ, “ನನ್ನನ್ನು ಆಮೇಲೆ ಎತ್ತುವೆಯಂತೆ, ಮೊದಲು ಬೆಂಡು ನೋಡೋ” ಎಂದರು. ಬೆಂಡು ಮುಳುಗಿತ್ತು. ಅಂಗೈಯಗಲದ ಒಂದು ಗೆಂಡೆ ಸಿಕ್ಕಿತು. ಅದನ್ನು ಬಿಡಿಸಿ ನೀರಿಗೆ ಬಿಟ್ಟ ಮೇಲೆಯೇ ಅವರು ತಮ್ಮ ಮೊಣಕೈ ತರಚಿರುವುದನ್ನು ನೋಡಿಕೊಂಡದ್ದು.

ನಮ್ಮ ಮಾವನವರು ನೀರಾವರಿಯ ಕೆಲಸದಲ್ಲಿದ್ದವರು. ಸೇವೆಯ ಬಹುಭಾಗವನ್ನು ಅಣೆಕಟ್ಟೆಯಲ್ಲಿ ನೀರಿನ ಮಟ್ಟವನ್ನು ಓದಿ ಪುಸ್ತಕದಲ್ಲಿ ಬರೆದಿಡುವುದರಲ್ಲಿ ಕಳೆದರು. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ನದಿಗಳು ಒಂದಾಗಿ, ವೇದಾವತಿಯಾಗಿ ಹೊಸದುರ್ಗದ ಕಡೆಯಿಂದ ಹರಿದುಬಂದು ಹಿರಿಯೂರಿನ ಸಮೀಪ ಎರಡು ಗುಡ್ಡಗಳ ನಡುವೆ ನುಸುಳುವ ಜಾಗವೇ ಮಾರಿಕಣಿವೆ. ಅಲ್ಲಿ 1898ರಲ್ಲಿ ಶುರುವಾದ ಕಲ್ಲಿನ ಕಟ್ಟೆ 1907ರಲ್ಲಿ ಮುಗಿಯಿತು. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಜಲಾಶಯಕ್ಕೆ ಬಂತು. ಕಾಗದಪತ್ರಗಳಲ್ಲಿ ಅದು ವಾಣಿವಿಲಾಸ ಸಾಗರ. ಸುತ್ತಲಿನ ಜನರ ಬಾಯಲ್ಲಿ ಇಂದಿಗೂ ಮಾರಿಕಣಿವೆಯೇ. ಕಟ್ಟೆ ತುಂಬಿತು ಎನ್ನಬೇಕಾದರೆ ನೀರು 130 ಅಡಿ ಮುಟ್ಟಬೇಕು. 1933ರಲ್ಲಿ ಮುಟ್ಟಿತು, ಕೋಡಿ ಬಿತ್ತು. ಮಾವನವರು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. ಸೇವೆಯ ಉದ್ದಕ್ಕೂ ದಿನವೂ ಅಡಿ, ಅಂಗುಲ ಓದಿ ಬರೆದರೂ ಆ 130 ಎಂಬ ಅಂಕಿಯನ್ನು ಬರೆಯುವ ಯೋಗ ಅವರಿಗೆ ಬರಲಿಲ್ಲ. 1994ರಲ್ಲಿ ನಿವೃತ್ತರಾದಾಗ ಜೊತೆಯವರು ಕೈಗಡಿಯಾರ ಕೊಡುವ ಬದಲು, ಇವರ ಮೀನಿನ ಹುಚ್ಚು ತಿಳಿದು ಈ ಕುರ್ಚಿಯನ್ನು ಮಾಡಿಸಿ ಕೊಟ್ಟರು. ಪರವಾನಗಿಯ ಚೀಟಿ ಕಿಸೆಯಲ್ಲಿ, ಎರೆಹುಳುವಿನ ಡಬ್ಬಿ ಚೀಲದಲ್ಲಿ, ಕುರ್ಚಿ ಕಂಕುಳಲ್ಲಿ. ಅವರ ನಿವೃತ್ತ ಜೀವನದ ಚಿತ್ರ ಇಷ್ಟೇ.

ಗಾಳ ಹಾಕುವವರ ತಾಳ್ಮೆಯನ್ನು ಹೊಗಳುವವರು ಬಹಳ ಮಂದಿ; ಅವರ ಮಂಡಿಯ ಬಗ್ಗೆ ಯೋಚಿಸುವವರು ಕಡಿಮೆ. ಎಪ್ಪತ್ತು ದಾಟಿದ ಮೇಲೆ ಕುಕ್ಕುರುಗಾಲಿನಲ್ಲಿ ಕೂರುವುದು ಮಾವನವರಿಗೆ ಸಾಧ್ಯವಾಗಲಿಲ್ಲ. ಬಂಡೆಯ ಮೇಲೆ ಕೂತರೆ ಏಳುವುದಕ್ಕೆ ಇಬ್ಬರು ಬೇಕು. ಹೀಗಾಗಿ ಆ ಕುರ್ಚಿ ಇಲ್ಲದಿದ್ದರೆ ಅವರಿಗೆ ನೀರೇ ಇಲ್ಲ. ಅದೂ ಎಂಥ ವರ್ಷದಲ್ಲಿ! ಭದ್ರಾ ಮೇಲ್ದಂಡೆಯ ನೀರು ಬಂದು ಸೇರತೊಡಗಿದ ಮೇಲೆ, ಮಳೆಯೂ ಕೈಹಿಡಿದು, ಮಟ್ಟ ಏರುತ್ತಲೇ ಇತ್ತು. ಈ ಸಲ ಕೋಡಿ ಬಿದ್ದೀತು ಎಂದು ಹಿರಿಯೂರಿನ ಹೋಟೆಲುಗಳಲ್ಲೆಲ್ಲ ಅದೇ ಮಾತು. ಮಾವನವರು ಮಾತ್ರ ಮನೆಯ ಜಗಲಿಯಲ್ಲಿ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು.

ಹೊಸದೊಂದನ್ನು ತಂದರಾಯಿತು ಎಂದು ನಾನು ಚಿತ್ರದುರ್ಗಕ್ಕೆ ಹೋಗಿ ಉಕ್ಕಿನ ಕೊಳವೆಯ ಮಡಿಸುವ ಕುರ್ಚಿ ತಂದೆ. ಹಗುರ, ನೋಡಲು ಚೆಂದ, ಲೋಟ ಇಡುವುದಕ್ಕೂ ಒಂದು ಜೋಳಿಗೆ. ದಡದ ಕೆಸರಿನಲ್ಲಿ ಅದರ ನಾಲ್ಕು ಕಾಲೂ ನಾಲ್ಕು ಕಡೆ ಇಳಿದವು. ಇದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಕೊಳವೆಯ ತುದಿಯ ಅಗಲ 2 ಸೆಂಟಿಮೀಟರ್. ನಾಲ್ಕು ತುದಿಗಳೂ ಸೇರಿದರೆ ನೆಲವನ್ನು ಮುಟ್ಟುವ ಜಾಗ ಸುಮಾರು 12 ಚದರ ಸೆಂಟಿಮೀಟರ್ ಮಾತ್ರ. ಮಾವನವರ ತೂಕ 60 ಕೆ.ಜಿ.; ಎಂದರೆ ಚದರ ಸೆಂಟಿಮೀಟರಿಗೆ 5 ಕೆ.ಜಿ. ಹಳೆಯ ಕುರ್ಚಿಯಲ್ಲಾದರೋ ಕಾಲುಗಳ ಕೆಳತುದಿಗೆ ಮುಂದೊಂದು, ಹಿಂದೊಂದು ಅಡ್ಡಪಟ್ಟಿ ಇತ್ತು. 40 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳು 240 ಚದರ ಸೆಂಟಿಮೀಟರ್ ಆಗುತ್ತವೆ. ಭಾರ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಕೊಳವೆಯ ಕುರ್ಚಿಯ ಕೈಗಳಿಗೆ ಗಾಳದ ಕೋಲು ಬೇರೆ ತಗಲುತ್ತಿತ್ತು. ಎರಡು ದಿನ ಸಹಿಸಿಕೊಂಡು ಮಾವನವರು ಅದನ್ನು ಅತ್ತೆಗೆ ಕೊಟ್ಟರು. ಮೆಣಸಿನಕಾಯಿ ಒಣಗಿಸುವ ಮೊರ ಈಗಲೂ ಅದರ ಮೇಲೆಯೇ ಇದೆ.

ಮುರಿದ ಕುರ್ಚಿಯನ್ನು ಗೋಣಿಯಲ್ಲಿ ಕಟ್ಟಿಕೊಂಡು ಹೊಳಲ್ಕೆರೆಗೆ ಹೊರಟೆ. ಅಲ್ಲಿ ನನ್ನ ತಂಗಿಯ ಮನೆ ಇದೆ; ಬಯಲು ಗಣಪತಿಗೆ ಕೈಮುಗಿದು ಬಂದಂತೆಯೂ ಆಯಿತು. ಅವರ ಬೀದಿಯ ಹಿರಿಯ ಬಡಗಿಯವರು ಕುರ್ಚಿಯನ್ನು ನೆಲಕ್ಕೆ ಹಾಕಿಸಿ, ಅದರ ಸುತ್ತ ಒಂದು ಸುತ್ತು ಬಂದು, ಕೂತುಕೊಂಡರು. ಕುರ್ಚಿಯ ರಚನೆಯನ್ನು ಕೇಳುಗರು ಕಣ್ಣ ಮುಂದೆ ತಂದುಕೊಳ್ಳಬೇಕು. ಎರಡು ಆಯತಾಕಾರದ ಚೌಕಟ್ಟುಗಳು. ಒಂದು ಇನ್ನೊಂದರ ಒಳಗೆ ಕೂರುವಷ್ಟು ಕಿರಿದು. ಎರಡೂ ನಡುಮಧ್ಯದಲ್ಲಿ ಕತ್ತರಿಯಂತೆ ಹಾಯುತ್ತವೆ. ಆ ಸಂಧಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಬೋಲ್ಟು. ಮೇಲಿನ ಎರಡು ಅಡ್ಡಪಟ್ಟಿಗಳ ನಡುವೆ ದಪ್ಪ ಬಟ್ಟೆ. ಕುರ್ಚಿ ಇಷ್ಟೇ. ಬಹಳ ಹಳೆಯ ಉಪಾಯವಿದು. 1922ರಲ್ಲಿ ತೆರೆದ ಈಜಿಪ್ಟಿನ ತುತಂಖಾಮನ್ ದೊರೆಯ ಗೋರಿಯಲ್ಲೂ ಕತ್ತರಿಗಾಲಿನ ಪೀಠ ಸಿಕ್ಕಿತು. ನಮ್ಮ ದೇಶದ ರೂರ್ಕಿಯ ಹೆಸರನ್ನೇ ಹೊತ್ತ ಇನ್ನೊಂದು ಬಗೆಯ ದಂಡಿನ ಕುರ್ಚಿಯೂ ಉಂಟು. 19ನೆಯ ಶತಮಾನದ ಕೊನೆಯಲ್ಲಿ ಬಂದ ಅದರಲ್ಲಿ ಮೊಳೆಯಿಲ್ಲ, ಅಂಟಿಲ್ಲ. ಕಾಲುಗಳು ಸಡಿಲವಾಗಿ ಕೂಡಿಕೊಂಡು ಉಬ್ಬುತಗ್ಗಿನ ನೆಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಇರಲಿ, ನಮ್ಮದು ಕತ್ತರಿಗಾಲಿನ ವಿಷಯ.

ಬಲಗಡೆಯ ಕಾಲು ಬೋಲ್ಟಿನ ತೂತಿನ ಬಳಿಯೇ ಎಳೆಯುದ್ದಕ್ಕೆ ಸೀಳಿ ಮುರಿದಿತ್ತು. ಅಂಟು ಹಾಕಿ ಪಟ್ಟಿ ಬಿಗಿದರೆ ಸಾಲದೆ ಎಂದು ಕೇಳಿದೆ. ಬಡಗಿಯವರು ತಲೆಯಾಡಿಸಿದರು. ಕಾಲು ಹೆಚ್ಚು ಬಾಗಲೆಳಸುವುದು ಆ ಜಾಗದಲ್ಲಿ. ತೂತಿನಿಂದಾಗಿ ಮರ ಕಡಿಮೆ ಇರುವುದೂ ಅಲ್ಲೇ. ಅಂಥ ಕಡೆ ಅಂಟನ್ನು ನಂಬಬಾರದು ಎಂದರು. ಆಮೇಲೆ ಕೆಳಗಿನ ಅಡ್ಡಪಟ್ಟಿಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಾಡಿಸಿ, “ಮೇಷ್ಟ್ರೇ, ಈ ಕುರ್ಚಿಯ ಬಟ್ಟೆ ಯಾರು ಬದಲಾಯಿಸಿದ್ದು?” ಎಂದು ಕೇಳಿದರು.

ನಾನೇ. 2020ರಲ್ಲಿ, ಅಂಗಡಿಗಳೆಲ್ಲ ಮುಚ್ಚಿದ್ದ ಆ ದಿನಗಳಲ್ಲಿ, ಹಳೆಯ ಬಟ್ಟೆ ಮೊಳೆಗಳ ಸಾಲಿನಲ್ಲಿ ಕೊಳೆತು ಹರಿದಾಗ, ಮನೆಯಲ್ಲಿದ್ದ ಕ್ಯಾನ್ವಾಸನ್ನು ಕತ್ತರಿಸಿ ನಾನೇ ಹೊಡೆದಿದ್ದೆ. ಮಾವನವರಿಗೆ ಮೆತ್ತಗೆ, ತೊಟ್ಟಿಲಿನಂತಿರಲಿ ಎಂದು ನಾಲ್ಕು ಬೆರಳು ಬಟ್ಟೆ ಹೆಚ್ಚಾಗಿಯೇ ಬಿಟ್ಟಿದ್ದೆ.

ಬಡಗಿಯವರು ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಅದರ ಅಂಚು ನೆಲಕ್ಕೆ ಉಜ್ಜಿ ಉಜ್ಜಿ ಚಪ್ಪಟೆಯಾಗಿ ಸವೆದಿತ್ತು. ಆ ಹಳೆಯ ಸವೆತದ ಪಕ್ಕದಲ್ಲಿ, ಬೇರೆ ಓರೆಯಲ್ಲಿ, ಇನ್ನೊಂದು ಕಿರಿದಾದ ಹೊಸ ಸವೆತ. ಕಾಲು ಎಷ್ಟೋ ವರ್ಷ ಒಂದು ಓರೆಯಲ್ಲಿ ನಿಂತಿತ್ತು, ಈಚೆಗೆ ಇನ್ನಷ್ಟು ಮಲಗಿ ನಿಂತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕತ್ತರಿಗಾಲಿನ ಕುರ್ಚಿಯಲ್ಲಿ ಕಾಲುಗಳು ಎಷ್ಟು ತೆರೆಯಬೇಕೆಂದು ನಿರ್ಧರಿಸುವುದು ಬಟ್ಟೆಯೇ. ಬಟ್ಟೆ ಉದ್ದವಾದರೆ ಕಾಲು ಅಗಲುತ್ತದೆ, ಕೂರುವ ಎತ್ತರ ಇಳಿಯುತ್ತದೆ. ಅವರು ಒಂದು ದಾರವನ್ನು ಪಟ್ಟಿಗಳಿಗೆ ಕಟ್ಟಿ, ಬಿಗಿದು, ಸಡಿಲಿಸಿ ಅದನ್ನೇ ತೋರಿಸಿಕೊಟ್ಟರು.

ಹೊಸದುರ್ಗದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ತ್ರಿಕೋನಮಿತಿ ಹೇಳಿಕೊಟ್ಟವನು ನಾನು. ಆ ರಾತ್ರಿ ತಂಗಿಯ ಮನೆಯಲ್ಲಿ ನಿದ್ದೆ ಬರಲಿಲ್ಲ. ಎದ್ದು ಹಳೆಯ ಪಂಚಾಂಗದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ನೆಲ ನುಣುಪಾಗಿದೆ ಎಂದಿಟ್ಟುಕೊಂಡರೆ, ಕಾಲು ನೆಟ್ಟಗಿನ ಗೆರೆಯಿಂದ 45 ಡಿಗ್ರಿ ಓರೆಯಾಗಿರುವಾಗ ಬಟ್ಟೆ ಎರಡು ಪಟ್ಟಿಗಳನ್ನು ಅಡ್ಡಲಾಗಿ ಎಳೆದು ಹಿಡಿಯಬೇಕಾದ ಬಲ ಕೂತವರ ತೂಕದಷ್ಟೇ, ಎಂದರೆ 60 ಕೆ.ಜಿ. ಓರೆ 60 ಡಿಗ್ರಿಗೆ ಹೋದರೆ ಅದು 104 ಕೆ.ಜಿ. ಆಗುತ್ತದೆ. ಬೋಲ್ಟಿನ ಬಳಿ ಕಾಲನ್ನು ಬಾಗಿಸುವ ಒತ್ತಡವೂ ಕಾಲು ಅಗಲಿದಷ್ಟೂ ಹೆಚ್ಚುತ್ತದೆ. 70 ಸೆಂಟಿಮೀಟರ್ ಉದ್ದದ ಕಾಲಿಗೆ ಮೊದಲು ಪಟ್ಟಿ 49 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಆಮೇಲೆ 35ಕ್ಕೆ ಇಳಿಯುತ್ತದೆ. ಇಷ್ಟಕ್ಕೆಲ್ಲ ಬೇಕಾದ ಹೆಚ್ಚುವರಿ ಬಟ್ಟೆ ಎಷ್ಟು? ಸುಮಾರು 8 ಸೆಂಟಿಮೀಟರ್. ನಾನು ಅಕ್ಕರೆಯಿಂದ ಬಿಟ್ಟ ಆ ನಾಲ್ಕು ಬೆರಳು. ಮಂಡಿನೋವಿನ ಮುದುಕರಿಗೆ ತಗ್ಗಾದ ಆಸನವನ್ನೂ, ಮುರಿಯಲಿರುವ ಕಾಲನ್ನೂ ಒಟ್ಟಿಗೆ ಕೊಟ್ಟಿದ್ದೆ. ಅವರು ಬಿದ್ದದ್ದು ಬಂಡೆಯ ಕಡೆಗಲ್ಲ, ಕೆಸರಿನ ಕಡೆಗೆ ಎಂಬುದೊಂದೇ ಆ ಹೊತ್ತಿನ ಸಮಾಧಾನ.

ಮರುದಿನ ಬಡಗಿಯವರು ಹೊಸ ಕುರ್ಚಿಯನ್ನೇ ಮಾಡಿಕೊಡಲೇ, ಅದೇ ಸುಲಭ, ಎಂದರು. ನಾನು ಬೇಡವೆಂದೆ. ಒಂದು ಕಾಲನ್ನು ಮಾತ್ರ ಬದಲಿಸಲು ಅವರು ಒಪ್ಪಲಿಲ್ಲ. ಆ ಚೌಕಟ್ಟಿನ ಎರಡು ಕಾಲುಗಳನ್ನೂ ಗಂಟಿಲ್ಲದ, ನೇರ ಎಳೆಯ ತೇಗದಲ್ಲಿ ಮಾಡಿ, ಎರಡನ್ನೂ ಜೋಡಿಸಿ ಹಿಡಿದು ಒಂದೇ ಸಲ ಭೈರಿಗೆಯಿಂದ ತೂತು ಕೊರೆದರು. ಬೇರೆಬೇರೆ ಕೊರೆದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕುರ್ಚಿ ನೆಲದ ಮೇಲೆ ಕುಂಟುತ್ತದೆಯಂತೆ. ಬೋಲ್ಟಿನ ವಿಚಾರದಲ್ಲೂ ಅವರದೊಂದು ಹಟ: ಮರದೊಳಗೆ ಕೂರುವ ಭಾಗ ನುಣುಪಾಗಿರಬೇಕು, ತಿರುಪು ಆಚೆ ತುದಿಗೆ ಮಾತ್ರ ಇರಬೇಕು. ತಿರುಪು ಒಳಗೆ ಬಂದರೆ ಅರದಂತೆ ಮರವನ್ನು ತಿನ್ನುತ್ತದೆ. ಅಂಥದು ಹೊಳಲ್ಕೆರೆಯಲ್ಲಿ ಸಿಗದೆ ಅದಕ್ಕಾಗಿ ಮತ್ತೆ ಚಿತ್ರದುರ್ಗದ ಬಸ್ಸು ಹಿಡಿದೆ. ಎರಡೂ ಬದಿಗೆ ವಾಷರ್, ಚೌಕಟ್ಟುಗಳ ನಡುವೆಯೂ ಒಂದು.

ಬಟ್ಟೆಯನ್ನು ಹಿರಿಯೂರಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬರಿಂದ ಹೊಲಿಸಿದೆ. ಹತ್ತಿಯ ಕ್ಯಾನ್ವಾಸ್ ನೀರು ಬಿದ್ದರೆ ಕುಗ್ಗುತ್ತದೆ. ಆದ್ದರಿಂದ ಒಂದು ರಾತ್ರಿ ನೆನೆಹಾಕಿ, ಒಣಗಿಸಿ, ಆಮೇಲೆಯೇ ಅಳತೆ ಹಿಡಿದೆವು. ಮೊಳೆಯ ತೂತಿನಲ್ಲಿ ನೀರು ನಿಂತು ಬಟ್ಟೆ ಕೊಳೆಯುವುದರಿಂದ ಈ ಸಲ ಮೊಳೆಯೇ ಇಲ್ಲ. ಅಂಚನ್ನು ಇಮ್ಮಡಿ ಮಡಿಸಿ, ಮೇಣ ಸವರಿದ ದಾರದಲ್ಲಿ ಕೊಳವೆಯಂತೆ ಹೊಲಿದು, ಪಟ್ಟಿಯನ್ನು ಅದರೊಳಗೆ ತೂರಿಸಿದರು. ದಬ್ಬಳ ಹಿಡಿದ ಅವರ ಕೈ ಒಮ್ಮೆಯೂ ಅಳತೆ ತಪ್ಪಲಿಲ್ಲ. ಉದ್ದ 55 ಸೆಂಟಿಮೀಟರ್. ಒಂದು ಬೆರಳೂ ಹೆಚ್ಚಿಲ್ಲ. ಮರ, ಬೋಲ್ಟು, ಬಟ್ಟೆ, ಕೂಲಿ ಎಲ್ಲ ಸೇರಿ ಕೊಳವೆಯ ಕುರ್ಚಿಗಿಂತ ಹೆಚ್ಚೇ ಆಯಿತು. ಬಸ್ಸಿನ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಆಗಸ್ಟ್ ತಿಂಗಳ ಕೊನೆಯಲ್ಲಿ ಒಂದು ಸಂಜೆ ಮಾವನವರನ್ನು ಹಿನ್ನೀರಿಗೆ ಕರೆದುಕೊಂಡು ಹೋದೆ. ಅವರ ಮಾಮೂಲು ಬಂಡೆ ಕಾಣಲೇ ಇಲ್ಲ. ಅದರ ಪಕ್ಕದ ಜಾಲಿಯ ಗಿಡವೂ ನೆತ್ತಿಯವರೆಗೆ ಮುಳುಗಿತ್ತು. ಕುರ್ಚಿಯನ್ನು ಬಿಡಿಸಿ ಹಾಕಿದೆ. ಅವರು ಕೂತರು, ಎದ್ದರು, ಮತ್ತೆ ಕೂತರು. ಎದ್ದದ್ದು ಯಾರ ಕೈಯನ್ನೂ ಹಿಡಿಯದೆ. ಇನ್ನು ತಡೆಯಲಾರದೆ ನಾನು ನಾಲ್ಕು ಬೆರಳಿನ ಕಥೆಯನ್ನೆಲ್ಲ ಒಪ್ಪಿಸಿದೆ.

ಮಾವನವರು ಬೆಂಡಿನಿಂದ ಕಣ್ಣು ತೆಗೆಯಲಿಲ್ಲ. “ಮಟ್ಟ ಇಳಿದದ್ದು ಕೂತ ಮೊದಲ ದಿನವೇ ನನಗೆ ತಿಳಿಯಿತು ಕಣೋ. ಆಯುಷ್ಯವೆಲ್ಲ ಮಟ್ಟ ನೋಡಿದವನಿಗೆ ಅಷ್ಟೂ ತಿಳಿಯದೆ?”

“ಮತ್ತೆ ಹೇಳಲಿಲ್ಲ ಯಾಕೆ ಮಾವ?”

“ನೀನು ಮೂರು ದಿನ ಕೂತು ಹೊಡೆದಿದ್ದೆ. ಬೆರಳಿಗೆ ಸುತ್ತಿಗೆ ಬಡಿದುಕೊಂಡಿದ್ದೆ ಬೇರೆ. ಹೇಗೆ ಹೇಳಲಿ?”

ಬಂದೊಡನೆ ಅವರು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟಿದ್ದರು. ಅದು ಅವರ ಹಳೆಯ ಚಟ. ಸೆಪ್ಟೆಂಬರ್ ಮೊದಲಲ್ಲಿ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಜನ ಜಾತ್ರೆಯಂತೆ ಸೇರಿದರು. 2025ರ ಜನವರಿಯಲ್ಲೂ ಬಿತ್ತು. ಅವೆಲ್ಲ ಆಮೇಲಿನ ಮಾತು. ಆ ಸಂಜೆ ನಾವಿಬ್ಬರೇ ಇದ್ದೆವು. ಸ್ವಲ್ಪ ಹೊತ್ತಾದ ಮೇಲೆ ಮಾವನವರು ಕಡ್ಡಿಯ ಕಡೆ ಬಗ್ಗಿ ನೋಡಿದರು. ಅದರ ಬುಡ ನೀರಿನೊಳಗಿತ್ತು. ಗಾಳದ ಕೋಲನ್ನು ನನ್ನ ಕೈಗೆ ಕೊಟ್ಟು, ತಾವೇ ಎದ್ದು ನಿಂತು, “ಕುರ್ಚಿಯನ್ನು ಎರಡು ಗೇಣು ಹಿಂದಕ್ಕೆ ಹಾಕಪ್ಪ” ಎಂದರು.