ಶಿಕ್ಷೆಯಾಯಿತೆಂದರೆ ಎಲ್ಲಾ ಮುಗಿಯಿತೆಂದಲ್ಲ

(ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನಡೆದ ಕಾನೂನು ಅರಿವು ಶಿಬಿರದಲ್ಲಿ ನೀಡಿದ ಭಾಷಣ)



ನೀರಿಗಾಗಿ, ರಸ್ತೆಗಾಗಿ ಊರಿನವರು ಸೇರುತ್ತಾರೆ. ಪೊಲೀಸರು ಬರುತ್ತಾರೆ. ಮಾತಿಗೆ ಮಾತು ಬೆಳೆದು ನೂಕಾಟ, ಕಲ್ಲುತೂರಾಟ ಆಗುತ್ತದೆ. ಕಲ್ಲು ಎಸೆದವನು ಓಡಿಹೋಗಿರುತ್ತಾನೆ, ನೋಡುತ್ತಾ ನಿಂತವನ ಹೆಸರು ಕೇಸಿನಲ್ಲಿರುತ್ತದೆ. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ಶಿಕ್ಷೆಯೂ ಆಗುತ್ತದೆ. ಆಗ ಮನೆಯವರು "ಎಲ್ಲಾ ಮುಗೀತು ಸಿಸ್ಟರ್" ಅಂತಾರೆ. ಮುಗಿದಿಲ್ಲ ಎಂದು ಹೇಳಲಿಕ್ಕೇ ನಾವು ಇಂದು ಬಂದಿದ್ದೇವೆ.

ಚೌರಿ ಚೌರಾದ ಹೆಸರನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ. 1922ರ ಫೆಬ್ರವರಿ 4ರಂದು ಗೋರಖಪುರ ಜಿಲ್ಲೆಯ ಆ ಊರಿನಲ್ಲಿ ಪೊಲೀಸರು ಗುಂಡು ಹಾರಿಸಿದರು. ರೊಚ್ಚಿಗೆದ್ದ ಜನ ಠಾಣೆಗೆ ಬೆಂಕಿಯಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ, ಅದನ್ನು ಮರೆಯಬಾರದು. 1923ರ ಜನವರಿಯಲ್ಲಿ ಸೆಷನ್ಸ್ ನ್ಯಾಯಾಲಯ 172 ಮಂದಿಗೆ ಗಲ್ಲು ವಿಧಿಸಿತು. ಅಲಹಾಬಾದ್ ಹೈಕೋರ್ಟಿನಲ್ಲಿ ಅವರ ಪರವಾಗಿ ಪಂಡಿತ ಮದನ ಮೋಹನ ಮಾಳವೀಯರು ವಾದಿಸಿದರು. ಏಪ್ರಿಲ್ ತಿಂಗಳ ತೀರ್ಪಿನಲ್ಲಿ ಗಲ್ಲು ಉಳಿದದ್ದು 19 ಮಂದಿಗೆ. 38 ಮಂದಿ ಬಿಡುಗಡೆಯಾದರು, ಉಳಿದವರಿಗೆ ಜೈಲಾಯಿತು. ಮೇಲಿನ ಕೋರ್ಟು ಇನ್ನೊಮ್ಮೆ ನೋಡಿದ್ದರಿಂದ ಸುಮಾರು 150 ಜನ ನೇಣಿನಿಂದ ಪಾರಾದರು.

ನಮಗೂ ಆ ಹಕ್ಕು ಇದೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದರೂ ಮೇಲ್ಮನವಿಯ ಹಕ್ಕು ಹಾಗೇ ಉಳಿದಿದೆ. ಕೆಲವು ಮಾತು ಮನಸ್ಸಿನಲ್ಲಿಡಿ.

ಮ್ಯಾಜಿಸ್ಟ್ರೇಟ್ ಕೋರ್ಟು ಶಿಕ್ಷೆ ಕೊಟ್ಟರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಹೋಗಬೇಕು. ಸೆಷನ್ಸ್ ಕೋರ್ಟು ಜೈಲು ಶಿಕ್ಷೆ ಕೊಟ್ಟರೆ ಹೈಕೋರ್ಟಿಗೆ ಹೋಗಲು 60 ದಿನ. ತಡವಾದರೆ ಸರಿಯಾದ ಕಾರಣ ತೋರಿಸಿ ಕೇಳಿಕೊಳ್ಳಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ.

ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಉಚಿತ. ಕೇಳಿ ಪಡೆಯಿರಿ.

ಶಿಕ್ಷೆ ಮೂರು ವರ್ಷ ಮೀರದಿದ್ದು, ಮೊದಲಿನಿಂದ ಜಾಮೀನಿನಲ್ಲಿದ್ದವರಾದರೆ, "ಮೇಲ್ಮನವಿ ಹಾಕುತ್ತೇವೆ" ಎಂದು ಅದೇ ದಿನ ಅದೇ ಕೋರ್ಟಿನಲ್ಲಿ ಜಾಮೀನು ಕೇಳಬಹುದು.

ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಜೈಲಿನಲ್ಲಿದ್ದವರು ಜೈಲು ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸಬಹುದು.

ಮುಖ್ಯವಾದದ್ದು ಇನ್ನೊಂದು. "ತಪ್ಪಾಯ್ತು ಅಂತ ಒಪ್ಪಿಕೋ, ದಂಡ ಕಟ್ಟಿ ಕೇಸು ಮುಗಿಸು" ಎನ್ನುವವರಿದ್ದಾರೆ. ಹಾಗೆ ಒಪ್ಪಿಕೊಂಡ ಮೇಲೆ ಸಾಮಾನ್ಯವಾಗಿ ಶಿಕ್ಷೆ ಹೆಚ್ಚಾಯಿತು, ಕಾನೂನಿಗೆ ಸರಿಯಿಲ್ಲ ಎಂದಷ್ಟೇ ವಾದಿಸಬಹುದು. ನಾನು ಮಾಡಿಲ್ಲ ಎನ್ನುವ ದಾರಿ ಮುಚ್ಚುತ್ತದೆ. ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ.

ಗಲಾಟೆ ನಡೆದಲ್ಲಿ ಸುಮ್ಮನೆ ನಿಂತು ನೋಡಿದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಯಾರು ಏನು ಮಾಡಿದರು, ಗುರುತಿಸಿದವರು ಯಾರು, ಗಾಯದ ದಾಖಲೆ ಏನು ಹೇಳುತ್ತದೆ ಎಂದು ಮೇಲ್ಮನವಿಯಲ್ಲಿ ಮತ್ತೆ ಕೇಳಬಹುದು. ಪೊಲೀಸರ ಮೇಲೆ ಕೈ ಮಾಡುವುದು ಅಪರಾಧವೇ, ಅದನ್ನು ನಾವು ಸಮರ್ಥಿಸುವುದಿಲ್ಲ. ಮಾಡಿದವನಿಗೆ ಮಾಡಿದಷ್ಟಕ್ಕೆ ಶಿಕ್ಷೆಯಾಗಲಿ, ಮಾಡದವನು ಮನೆಗೆ ಬರಲಿ ಎನ್ನುವುದಷ್ಟೇ ನಮ್ಮ ಮಾತು.

ನಿಮ್ಮ ಊರಿನಲ್ಲಿ ಇಂಥ ಮನೆಯಿದ್ದರೆ ಇವತ್ತೇ ಹೋಗಿ ತಿಳಿಸಿ. ಮೂವತ್ತು ದಿನ ಬೇಗ ಕಳೆದುಹೋಗುತ್ತದೆ.